ಜಾಝ್ ಕಾರ್ಡ್‌ಗಳ ಮೇಲೆ ಐದು ಸ್ವರ: ತಪ್ಪೂ ಕೇಳಿಸುತ್ತಿಲ್ಲ, ಜಾಝೂ ಕೇಳಿಸುತ್ತಿಲ್ಲ

ಪ್ರಶ್ನೆ (ಗಿಟಾರ್ ನುಡಿಸುವವರು):

ಮೇಡಂ, ನಮಸ್ಕಾರ. ಆರು ವರ್ಷದಿಂದ ರಾಕ್, ಬ್ಲೂಸ್ ನುಡಿಸುತ್ತಿದ್ದೇನೆ. ಈಗ ಜಾಝ್ ಹುಚ್ಚು ಹಿಡಿದಿದೆ. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಅಂತ ಮೂರು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಸುತ್ತುವ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು, ಐದನೇ ಫ್ರೆಟ್‌ನ ಎ ಮೈನರ್ ಪೆಂಟಟಾನಿಕ್ (ಐದು ಸ್ವರದ ಸ್ಕೇಲ್) ಬಾಕ್ಸ್‌ನಲ್ಲೇ, ಅಂದರೆ ಒಂದೇ ಬೆರಳಿನ ಆಕಾರದಲ್ಲೇ, ಓಡಾಡುತ್ತೇನೆ. ಒಂದೂ ಅಪಸ್ವರ ಬರುವುದಿಲ್ಲ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಸಪ್ಪೆ. ಕಾರ್ಡ್ ಬದಲಾಗಿದ್ದು ಟ್ರ್ಯಾಕ್‌ನ ಬಾಸ್‌ನಿಂದ ಗೊತ್ತಾಗುತ್ತದೆ, ನನ್ನ ಗಿಟಾರ್‌ನಿಂದ ಅಲ್ಲ. ಪೆಂಟಟಾನಿಕ್ ಬಿಟ್ಟು ಮೋಡ್‌ಗಳನ್ನೆಲ್ಲ (ಏಳು ಸ್ವರದ ಬೇರೆ ಬೇರೆ ಸ್ಕೇಲ್) ಕಲಿಯಲೇಬೇಕಾ? ಚಿಕ್ಕಂದಿನಲ್ಲಿ ವರ್ಣದವರೆಗೆ ಕರ್ನಾಟಕ ಸಂಗೀತ ಕಲಿತಿದ್ದೆ. ಅದೇನಾದರೂ ಉಪಯೋಗಕ್ಕೆ ಬರುತ್ತದಾ?

ಉತ್ತರ:

ಬರುತ್ತದೆ. ನಿಮಗಿಂತ ಹತ್ತು ಮೋಡ್ ಜಾಸ್ತಿ ಬಾಯಿಪಾಠ ಮಾಡಿದವರಿಗೂ ಇಲ್ಲದ ಅನುಕೂಲ ನಿಮಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಪ್ಪೆ ಯಾಕೆ ಅಂತ ನೋಡೋಣ. ಎ ಮೈನರ್ ಪೆಂಟಟಾನಿಕ್ ಮತ್ತು ಸಿ ಮೇಜರ್ ಪೆಂಟಟಾನಿಕ್ ಎರಡಕ್ಕೂ ಸ್ವರಗಳು ಅವೇ: ಸಿ, ಡಿ, ಇ, ಜಿ, ಎ. ಸಿ ಮೇಜರ್‌ನ ಏಳು ಸ್ವರಗಳಲ್ಲಿ ಇಲ್ಲಿ ಬಿಟ್ಟುಹೋದದ್ದು ಎಫ್ ಮತ್ತು ಬಿ. ಇಡೀ ಸ್ಕೇಲ್‌ನಲ್ಲಿ ಅರ್ಧ ಮೆಟ್ಟಿಲು (ಒಂದೇ ಫ್ರೆಟ್‌ನ ಅಂತರ) ಇರುವುದೇ ಇ-ಎಫ್ ನಡುವೆ, ಬಿ-ಸಿ ನಡುವೆ. ಆ ಎರಡನ್ನೂ ತೆಗೆದಿದ್ದೀರಿ, ಹಾಗಾಗಿ ಯಾವ ಸ್ವರವೂ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಆದರೆ ಜಿ ಸೆವೆನ್ ಕಾರ್ಡ್‌ನ ಜೀವ ಇರುವುದೇ ಆ ಬಿ ಮತ್ತು ಎಫ್‌ನಲ್ಲಿ. ಒಂದು ಅದರ ಮೂರನೆಯದು, ಇನ್ನೊಂದು ಏಳನೆಯದು. "ಮನೆಗೆ ಹೋಗೋಣ ಬಾ" ಅಂತ ಸಿ ಕಡೆಗೆ ಎಳೆಯುವುದು ಅವೇ. ನೀವು ನುಡಿಸುವಾಗ ಆ ಎರಡೂ ಇಲ್ಲ. ಸಾರಿಗೆ ಹುಳಿಯನ್ನೇ ಹಾಕದೆ, ಹುಳಿ ಜಾಸ್ತಿಯಾಗಲಿಲ್ಲ ಅಂತ ಖುಷಿಪಟ್ಟ ಹಾಗೆ.

ಪೆಂಟಟಾನಿಕ್ ಬಿಡಬೇಡಿ. ಆದರೆ ಕಾರ್ಡ್ ಬದಲಾದಾಗ ಪೆಂಟಟಾನಿಕ್ಕೂ ಬದಲಾಗಲಿ.

ನಾನು ಪಿಯಾನೊದವಳು. ಈ ಒಂದು ವಿಷಯದಲ್ಲಿ ನಿಮ್ಮ ವಾದ್ಯ ಕಂಡರೆ ಹೊಟ್ಟೆಕಿಚ್ಚು. ಡಿ ಮೈನರ್ ಸೆವೆನ್ ಬಂದಾಗ ಐದನೇ ಫ್ರೆಟ್‌ನ ನಿಮ್ಮ ಹಳೆಯ ಬಾಕ್ಸ್. ಜಿ ಸೆವೆನ್ ಬಂದಾಗ ಅದೇ ಬಾಕ್ಸ್ ಆರನೇ ಫ್ರೆಟ್‌ನಲ್ಲಿ, ಅಂದರೆ ಬಿ ಫ್ಲಾಟ್ ಮೈನರ್ ಪೆಂಟಟಾನಿಕ್. ಸಿ ಮೇಜರ್ ಸೆವೆನ್ ಬಂದಾಗ ಏಳನೇ ಫ್ರೆಟ್, ಬಿ ಮೈನರ್ ಪೆಂಟಟಾನಿಕ್. ಐದು, ಆರು, ಏಳು. ಬೆರಳಿನ ಆಕಾರ ಬದಲಾಗುವುದೇ ಇಲ್ಲ.

ನಡುವಿನದು ಯಾಕೆ ನಡೆಯುತ್ತದೆ? ಬಿ ಫ್ಲಾಟ್, ಡಿ ಫ್ಲಾಟ್, ಇ ಫ್ಲಾಟ್, ಎಫ್, ಎ ಫ್ಲಾಟ್. ಜಿ ಸೆವೆನ್ ಮೇಲೆ ಎಫ್ ಕಾರ್ಡ್‌ನದ್ದೇ ಏಳನೆಯ ಸ್ವರ. ಉಳಿದ ನಾಲ್ಕೂ ಜಾಝ್‌ನವರು ಆಲ್ಟರ್ಡ್ (ಅರ್ಧ ಮೆಟ್ಟಿಲು ಏರಿಸಿದ ಅಥವಾ ಇಳಿಸಿದ) ಅನ್ನುವ ಬಣ್ಣಗಳು: ಫ್ಲಾಟ್ ನೈನ್, ಶಾರ್ಪ್ ನೈನ್, ಫ್ಲಾಟ್ ಫೈವ್, ಫ್ಲಾಟ್ ಥರ್ಟೀನ್. ಒಂದು ಬಾರ್ (ತಾಳದ ಒಂದು ಸುತ್ತು) ಪೂರ್ತಿ ಖಾರ. ಮುಂದಿನ ಬಾರ್‌ನಲ್ಲಿ ಸಿ ಮೇಜರ್ ಸೆವೆನ್ ಬಂದು ಬೆಣ್ಣೆ ಹಾಕುತ್ತದೆ.

ಹೀಗೆ ನುಡಿಸಿ ನೋಡಿ. ಮೊದಲ ಬಾರ್: ಎ ಸಿ ಡಿ ಇ, ಜಿ ಇ ಡಿ ಸಿ. ಎರಡನೆಯದು ಇದನ್ನೇ ಒಂದು ಫ್ರೆಟ್ ಮೇಲೆ. ಅದು ಡಿ ಫ್ಲಾಟ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಒಂದೇ ಫ್ರೆಟ್ ಹತ್ತಿ ಡಿ ಮೇಲೆ ನಿಲ್ಲಿ. ಆಗ ಕೆಳಗೆ ಸಿ ಮೇಜರ್ ಸೆವೆನ್ ಶುರುವಾಗಿರುತ್ತದೆ. ಬಾಸ್ ಮ್ಯೂಟ್ ಮಾಡಿದರೂ ಕಾರ್ಡ್ ಬದಲಾಗಿದ್ದು ಕೇಳಿಸುತ್ತದೆ.

ಮತ್ತೆ ಪ್ರಶ್ನೆ:

ಮೇಡಂ, ಈಗಷ್ಟೇ ನುಡಿಸಿದೆ. ಆರನೇ ಫ್ರೆಟ್ ಮೈ ಜುಮ್ಮೆನ್ನಿಸಿತು. ಆದರೆ ಏಳನೇ ಫ್ರೆಟ್ ಅರ್ಥವಾಗುತ್ತಿಲ್ಲ. ಸಿ ಮೇಜರ್ ಸೆವೆನ್ ಮೇಲೆ ಸಿ ಸ್ವರವೇ ಇಲ್ಲದ ಸ್ಕೇಲ್? ಅದರಲ್ಲಿ ಎಫ್ ಶಾರ್ಪ್ ಬೇರೆ ಇದೆ. ತಪ್ಪಲ್ವಾ?

ಉತ್ತರ:

ನೀವು ಕಲಿತ ಕರ್ನಾಟಕ ಸಂಗೀತ ಕೆಲಸಕ್ಕೆ ಬರುವುದು ಇಲ್ಲೇ. ಬಿ, ಡಿ, ಇ, ಎಫ್ ಶಾರ್ಪ್, ಎ. ಸಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡು ಈ ಐದನ್ನು ಹಾಡಿ. ನಿ ರಿ ಗ ಮ ದ. ಮಧ್ಯಮ ಪ್ರತಿ ಮಧ್ಯಮ. ಏನು ಕೇಳಿಸಿತು? ಕಲ್ಯಾಣಿಯಲ್ಲಿ ಸ, ಪ ಬಿಟ್ಟು ಹಾರುವ ಸಂಚಾರ. ಹಿಂದೂಸ್ತಾನಿಯವರಿಗಂತೂ ಯಮನ್ ಮನಸ್ಸಿಗೆ ಬರುವುದೇ ನಿ ರಿ ಗ ಎಂಬ ಹೆಜ್ಜೆಯಿಂದ. ಷಡ್ಜವನ್ನು ತಂಬೂರಿ ನೋಡಿಕೊಳ್ಳುತ್ತದೆ, ಗಾಯಕ ಅದರ ಮೇಲೆ ತೇಲುತ್ತಾನೆ. ಇಲ್ಲಿ ತಂಬೂರಿಯ ಕೆಲಸ ಬಾಸ್‌ನದು. ಸಿ ಅವನು ಕೊಡುತ್ತಾನೆ, ನೀವು ಕೊಡಬೇಕಾಗಿಲ್ಲ.

ಡಿ ಮೈನರ್ ಸೆವೆನ್‌ಗೂ ಹಾಗೇ ಮಾಡಿ. ಈಗ ಡಿ ಷಡ್ಜ. ನಿಮ್ಮ ಐದನೇ ಫ್ರೆಟ್ ಬಾಕ್ಸ್ ಡಿಯಿಂದ ನೋಡಿದರೆ ಸ ರಿ ಮ ಪ ನಿ. ಮಧ್ಯಮಾವತಿ! ಕಚೇರಿಯ ಕೊನೆಯಲ್ಲಿ ಹಾಡುವ ಅದೇ ಸ್ವರಗಳು. ಗಾಂಧಾರ ಇಲ್ಲ, ಹಾಗಾಗಿ ಮೈನರ್ ಅಂತ ಗಟ್ಟಿಯಾಗಿ ಹೇಳದೆ ತೆರೆದ ಹಾಗೆ ಕೇಳಿಸುತ್ತದೆ. ಡಿ ಮೈನರ್ ಪೆಂಟಟಾನಿಕ್ ಹಿಡಿದರೆ ಶುದ್ಧ ಧನ್ಯಾಸಿ: ನೇರ, ಬ್ಲೂಸ್ ಕಡೆ ವಾಲುವಂಥದ್ದು. ಇ ಮೈನರ್ ಪೆಂಟಟಾನಿಕ್ ಹಿಡಿದರೆ ಸ ರಿ ಮ ಪ ದ, ಶುದ್ಧ ಸಾವೇರಿ. ಹಿಂದೂಸ್ತಾನಿಯಲ್ಲಿ ದುರ್ಗಾ. ಮೂರೂ ಅದೇ ಕಾರ್ಡ್ ಮೇಲೆ, ಮೂರಕ್ಕೂ ಬೇರೆ ಬೇರೆ ಮುಖ.

ಗ್ರಹಭೇದ ಅಂತ ನಿಮ್ಮ ಗುರುಗಳು ಹೇಳಿರಬಹುದು. ಮೋಹನದ (ಸ ರಿ ಗ ಪ ದ, ಅಂದರೆ ಮೇಜರ್ ಪೆಂಟಟಾನಿಕ್) ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧ ಸಾವೇರಿ, ಧೈವತದಿಂದ ಶುದ್ಧ ಧನ್ಯಾಸಿ. ನೀವು ಗಿಟಾರ್‌ನಲ್ಲಿ ಮಾಡುತ್ತಿರುವುದು ಇದೇ. ಒಂದು ವ್ಯತ್ಯಾಸ: ಕಚೇರಿಯಲ್ಲಿ ತಂಬೂರಿ ಅಲ್ಲಾಡುವುದಿಲ್ಲ. ಜಾಝ್‌ನಲ್ಲಿ ಎರಡು ಸೆಕೆಂಡಿಗೊಮ್ಮೆ ಯಾರೋ ತಂಬೂರಿಯ ಶ್ರುತಿ ಬದಲಾಯಿಸುತ್ತಿರುತ್ತಾರೆ.

ಗುಂಪಿನ ಇನ್ನೊಬ್ಬರು (ಗಾಯಕಿ):

ಕ್ಷಮಿಸಿ, ಒಂದು ಮಾತು. ಇವನ್ನೆಲ್ಲ ಮಧ್ಯಮಾವತಿ, ಶುದ್ಧ ಸಾವೇರಿ ಅಂತ ಕರೆಯುವುದು ಸರಿಯಾ? ಗಮಕ ಇಲ್ಲ, ನ್ಯಾಸ (ನಿಂತು ವಿಶ್ರಮಿಸುವ ಸ್ವರ) ಇಲ್ಲ. ಬರೀ ಸ್ವರಪಟ್ಟಿ ರಾಗ ಆಗುವುದಿಲ್ಲ.

ಉತ್ತರ:

ಆಗುವುದಿಲ್ಲ, ಒಪ್ಪಿದೆ. ನನ್ನ ಅಮ್ಮ ಇದ್ದಿದ್ದರೆ ಇದಕ್ಕಿಂತ ಜೋರಾಗಿ ಬೈಯುತ್ತಿದ್ದರು. ರಾಗದ ಹೆಸರು ಇಲ್ಲಿ ಬರೀ ನೆನಪಿನ ಗೂಟ. "ಡಿ ಮೇಲೆ ಒಂಬತ್ತು, ಹನ್ನೊಂದು, ಹದಿಮೂರು" ಅಂದರೆ ಲೆಕ್ಕದ ಪುಸ್ತಕ ತೆರೆದ ಹಾಗಾಗುತ್ತದೆ. "ಡಿಯಿಂದ ಶುದ್ಧ ಸಾವೇರಿಯ ಸ್ವರ" ಅಂದರೆ ಹಾಡು ಕಲಿತವರ ಕಿವಿಗೆ ತಕ್ಷಣ ಕೇಳಿಸುತ್ತದೆ. ಅಷ್ಟಕ್ಕೆ ಮಾತ್ರ.

ಮತ್ತೆ ಪ್ರಶ್ನೆ:

ಆರನೇ ಫ್ರೆಟ್ ಆಟವನ್ನು ಯಾವ ಸೆವೆಂತ್ ಕಾರ್ಡ್ ಬಂದರೂ ಆಡಬಹುದಾ ಮೇಡಂ?

ಉತ್ತರ:

ಬೇಡ. ನಾನೇ ಒಮ್ಮೆ ಹೀಗೆ ಸಿಕ್ಕಿಬಿದ್ದಿದ್ದೇನೆ. ಹೋಟೆಲ್ ಒಂದರಲ್ಲಿ ಸಂಜೆಯ ಕಾರ್ಯಕ್ರಮ. ಅವತ್ತು ಕಂಪಿಂಗ್ (ಸೋಲೊಗೆ ಕಾರ್ಡ್‌ಗಳ ಸಾಥ್) ಗಿಟಾರ್‌ನವರದ್ದು, ಸೋಲೊ ನನ್ನದು. ಅವರು ಜಿ ಥರ್ಟೀನ್ ಹಿಡಿದಿದ್ದರು, ಸಿಹಿಯಾದ ಇ ಮತ್ತು ಎ ಸೇರಿಸಿ. ನಾನು ಅದರ ಮೇಲೆ ಇ ಫ್ಲಾಟ್, ಎ ಫ್ಲಾಟ್ ಸುರಿದೆ. ಅವರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಜೊತೆಯವರು ಏನು ಹಿಡಿದಿದ್ದಾರೆ ಅಂತ ಮೊದಲು ಕೇಳಿಸಿಕೊಳ್ಳಿ.

ಅವರು ಸಿಹಿ ಹಿಡಿದಿದ್ದರೆ ಇನ್ನೊಂದು ಐದು ಸ್ವರ ಇದೆ, ಅದು ನನಗೆ ಇನ್ನೂ ಇಷ್ಟ. ಮೋಹನದ ಗಾಂಧಾರವನ್ನು ಒಂದು ಫ್ರೆಟ್ ಇಳಿಸಿ. ಶಿವರಂಜನಿ. ಜಿ ಸೆವೆನ್ ಮೇಲೆ ಡಿಯಿಂದ ಶಿವರಂಜನಿ ನುಡಿಸಿ: ಡಿ, ಇ, ಎಫ್, ಎ, ಬಿ. ನೋಡಿ, ನೀವು ಕಳೆದುಕೊಂಡಿದ್ದ ಎಫ್ ಮತ್ತು ಬಿ ಎರಡೂ ವಾಪಸ್ ಬಂದವು. ಖಾರ ಬೇಕಾದಾಗ ಎ ಫ್ಲಾಟ್‌ನಿಂದ ಶಿವರಂಜನಿ, ಅಂದರೆ ಕಾರ್ಡ್‌ನ ಹೆಸರಿಗಿಂತ ಒಂದು ಫ್ರೆಟ್ ಮೇಲೆ. ಅದರಲ್ಲೂ ಬಿ, ಎಫ್ ಇವೆ, ಜೊತೆಗೆ ಮೂರು ಆಲ್ಟರ್ಡ್ ಬಣ್ಣ.

ಇನ್ನೊಬ್ಬರು (ಕೀಬೋರ್ಡ್ ಕಲಿಯುವವರು):

ನಾನು ಆಟಮ್ ಲೀವ್ಸ್ ಎಂಬ ಜಾಝ್ ಹಾಡು ಅಭ್ಯಾಸ ಮಾಡುತ್ತಿದ್ದೇನೆ, ಜಿ ಮೈನರ್‌ನಲ್ಲಿ. ಎ ಹಾಫ್ ಡಿಮಿನಿಷ್ಡ್, ಡಿ ಸೆವೆನ್, ಜಿ ಮೈನರ್ ಬರುವ ಜಾಗದಲ್ಲಿ ಕೈ ನಿಂತೇಹೋಗುತ್ತದೆ. ಜಿ ಮೈನರ್ ಪೆಂಟಟಾನಿಕ್ ಹಾಕಿದರೆ ಡಿ ಸೆವೆನ್ ಮೇಲೆ ಏನೋ ಕಚ್ಚುತ್ತದೆ.

ಉತ್ತರ:

ಕಚ್ಚುವುದು ನಿಮ್ಮ ಜಿ. ಡಿ ಸೆವೆನ್‌ನಲ್ಲಿ ಎಫ್ ಶಾರ್ಪ್ ಇದೆ, ನೀವು ಅದರ ಪಕ್ಕದಲ್ಲೇ ಜಿ ಮೇಲೆ ಕೂತಿದ್ದೀರಿ.

ಶಿವರಂಜನಿಯನ್ನೇ ಮೂರು ಜಾಗದಿಂದ ನುಡಿಸಿ. ಎ ಹಾಫ್ ಡಿಮಿನಿಷ್ಡ್ ಮೇಲೆ ಸಿಯಿಂದ: ಸಿ, ಡಿ, ಇ ಫ್ಲಾಟ್, ಜಿ, ಎ. ಕಾರ್ಡ್‌ನ ನಾಲ್ಕೂ ಸ್ವರ ಅದರೊಳಗಿವೆ, ಡಿ ಒಂದೇ ಹೊಸದು. ಡಿ ಸೆವೆನ್ ಮೇಲೆ ಇ ಫ್ಲಾಟ್‌ನಿಂದ: ಇ ಫ್ಲಾಟ್, ಎಫ್, ಜಿ ಫ್ಲಾಟ್, ಬಿ ಫ್ಲಾಟ್, ಸಿ. ಆ ಜಿ ಫ್ಲಾಟೇ ನಿಮ್ಮ ಎಫ್ ಶಾರ್ಪ್. ಜಿ ಮೈನರ್ ಮೇಲೆ ಜಿಯಿಂದಲೇ. ಸಿ, ಇ ಫ್ಲಾಟ್, ಜಿ. ಹಾಗೆ ನೋಡಿದರೆ ಮೂರು ಷಡ್ಜಗಳೂ ಸೇರಿ ಒಂದು ಸಿ ಮೈನರ್ ಕಾರ್ಡ್. ಇದಕ್ಕೇನೂ ಗೂಢಾರ್ಥ ಇಲ್ಲ, ನೆನಪಿಗೆ ಸುಲಭ ಅಷ್ಟೇ.

ಕೈ ತುಂಬ ಎಗರಬಾರದು. ಸಿಯಿಂದ ಹೊರಟಿರಿ ಅಂತ ಇ ಫ್ಲಾಟ್‌ಗೆ ಹಾರಿ ಶುರು ಮಾಡಬೇಕಿಲ್ಲ. ಬೆರಳು ಎಲ್ಲಿದೆಯೋ ಅದಕ್ಕೆ ಹತ್ತಿರದ ಸ್ವರದಿಂದ ಮುಂದಿನ ಪೆಂಟಟಾನಿಕ್ ಒಳಗೆ ನುಸುಳಿ. ಗಿಟಾರ್‌ನವರಿಗೂ ಇದೇ ಮಾತು. ಒಂದೇ ಆಕಾರವನ್ನು ಮೇಲೆ ಕೆಳಗೆ ಜಾರಿಸಿದರೆ ಮೂರನೇ ಸಲಕ್ಕೆ ಕೇಳುವವರಿಗೆ ಗುಟ್ಟು ಗೊತ್ತಾಗಿಬಿಡುತ್ತದೆ.

ಮತ್ತೆ ಪ್ರಶ್ನೆ:

ಅಭ್ಯಾಸ ಎಲ್ಲಿಂದ ಶುರು ಮಾಡಲಿ? ಟ್ರ್ಯಾಕ್‌ನಲ್ಲಿ ಕಾರ್ಡ್‌ಗಳು ಓಡುತ್ತವೆ, ನನ್ನ ತಲೆ ಓಡಲ್ಲ.

ಉತ್ತರ:

ಓಡದ ಹಾಡಿನಿಂದ. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ರೆಕಾರ್ಡ್ ಮಾಡಿದ ಸೋ ವಾಟ್ ಇದೆಯಲ್ಲ, 32 ಬಾರ್. ಮೊದಲ 16 ಬಾರ್ ಡಿ ಮೈನರ್, ನಂತರ 8 ಬಾರ್ ಇ ಫ್ಲಾಟ್ ಮೈನರ್, ಮತ್ತೆ 8 ಬಾರ್ ಡಿ ಮೈನರ್. ಕಾರ್ಡ್ ಅಂದರೆ ಎರಡೇ. ಮೊದಲ 8 ಬಾರ್ ಶುದ್ಧ ಧನ್ಯಾಸಿಯ ಸ್ವರ, ಮುಂದಿನ 8 ಮಧ್ಯಮಾವತಿ, ನಡುವಿನ 8ರಲ್ಲಿ ಅದನ್ನೇ ಒಂದು ಫ್ರೆಟ್ ಮೇಲೆ, ಕೊನೆಯ 8 ಶುದ್ಧ ಸಾವೇರಿ. ಒಂದು ವಾರ ಇಷ್ಟೇ ಮಾಡಿ. ಅದಕ್ಕೂ ಮುಂಚೆ ಫೋನಿನ ತಂಬೂರಿ ಆ್ಯಪ್‌ನಲ್ಲಿ ಡಿ ಶ್ರುತಿ ಇಟ್ಟುಕೊಂಡು ಮೂರನ್ನೂ ಬಾಯಲ್ಲಿ ಹಾಡಿ. ಹಾಡಲು ಬಾರದ್ದನ್ನು ಬೆರಳು ಸುಮ್ನೆ ಟೈಪ್ ಮಾಡುತ್ತದೆ.

ಆಮೇಲೆ ಮೆಕಾಯ್ ಟೈನರ್ ಅವರನ್ನು ಕೇಳಿ. 1960ರಿಂದ 1965ರವರೆಗೆ ಸ್ಯಾಕ್ಸೊಫೋನ್ ವಾದಕ ಜಾನ್ ಕಾಲ್ಟ್ರೇನ್ ತಂಡದ ಪಿಯಾನೊ ಅವರದ್ದು. ಎಡಗೈಯಲ್ಲಿ ಗುಡುಗಿನಂಥ ಫಿಫ್ತ್‌ಗಳು (ಸ-ಪ ಅಂತರ), ಅದರ ಮೇಲೆ ಫೋರ್ತ್‌ಗಳನ್ನು (ಸ-ಮ ಅಂತರ) ಪೇರಿಸಿದ ಕಾರ್ಡ್‌ಗಳು, ಬಲಗೈಯಲ್ಲಿ ಪೆಂಟಟಾನಿಕ್ ಮಳೆ. ಎಡಗೈ ಯಾಕೆ ಹಾಗೆ? ಥರ್ಡ್‌ಗಳಿಂದ (ಸ-ಗ ಅಂತರ) ಕಟ್ಟಿದ ಕಾರ್ಡ್ ತಾನು ಮೇಜರೋ ಮೈನರೋ ಅಂತ ಕೂಡಲೇ ಹೇಳಿಬಿಡುತ್ತದೆ. ಫೋರ್ತ್‌ಗಳಿಂದ ಕಟ್ಟಿದ್ದು ಬಾಯಿ ಬಿಡುವುದಿಲ್ಲ. ಹಾಗಾಗಿ ಬಲಗೈಗೆ ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯ. ಒಂದು ಕ್ಷಣ ಅರ್ಧ ಮೆಟ್ಟಿಲು ಆಚೆ ಜಾರಿ, ಪೂರ್ತಿ ಹೊರಗೆ ಹೋಗಿ, ಏನೂ ಆಗದವರ ಹಾಗೆ ವಾಪಸ್ ಬರುತ್ತಾರೆ. ಹೊರಗೆ ಹೋದಾಗಲೂ ಆ ಐದು ಸ್ವರದ ಆಕಾರ ಗಟ್ಟಿಯಾಗಿರುತ್ತದೆ, ಅದಕ್ಕೇ ತಪ್ಪು ಅನ್ನಿಸುವುದಿಲ್ಲ.

ಇನ್ನೊಬ್ಬರು:

ಕಾಲ್ಟ್ರೇನ್ ಅವರ ಜೈಂಟ್ ಸ್ಟೆಪ್ಸ್‌ಗೂ ಇದೇ ಉಪಾಯ ಆಗುತ್ತಾ ಮೇಡಂ?

ಉತ್ತರ:

ಅಲ್ಲಿ ಐದು ಸ್ವರಕ್ಕೂ ಪುರುಸೊತ್ತಿಲ್ಲ! ಬಹುತೇಕ ಕಾರ್ಡ್‌ಗಳಿಗೆ ಎರಡೇ ಬೀಟ್, ಬಿ, ಜಿ, ಇ ಫ್ಲಾಟ್ ಎಂಬ ಮೂರು ಮನೆಗಳ ನಡುವೆ ಓಟ. ಕಾಲ್ಟ್ರೇನ್ ಅದರಲ್ಲಿ ಬಹಳ ಕಡೆ ನುಡಿಸಿದ್ದು ನಾಲ್ಕೇ ಸ್ವರದ ತುಂಡು: ಒಂದು, ಎರಡು, ಮೂರು, ಐದು. ಸ ರಿ ಗ ಪ. ಮೋಹನದಲ್ಲಿ ಧೈವತ ಬಿಟ್ಟರೆ ಅದೇ. ಆದರೆ ಪ್ರಶ್ನೆ ಕೇಳಿದವರು ಸದ್ಯಕ್ಕೆ ಅದರ ಹತ್ತಿರ ಹೋಗಬೇಡಿ.

ಮತ್ತೆ ಪ್ರಶ್ನೆ:

ಹೋಗಲ್ಲ ಮೇಡಂ. ಈಗ ತಂಬೂರಿ ಹಾಕಿಕೊಂಡು ಶುದ್ಧ ಸಾವೇರಿ ಹಾಡುತ್ತಿದ್ದೆ. ಅಜ್ಜಿ ಒಳಗಿನಿಂದ ಬಂದು "ಗಿಟಾರ್ ಬಿಟ್ಟೆಯೇನೋ?" ಅಂತ ಖುಷಿಯಾಗಿ ಕೇಳಿದರು.

ಉತ್ತರ:

ಈಗಲೇ ನಿಜ ಹೇಳಬೇಡಿ. ಭಾನುವಾರ ಐದು, ಆರು, ಏಳು ರೆಕಾರ್ಡ್ ಮಾಡಿ ಗುಂಪಿಗೆ ಹಾಕಿ, ಬಾಸ್ ಮ್ಯೂಟ್ ಮಾಡಿ. ಕಾರ್ಡ್ ಎಲ್ಲಿ ಬದಲಾಯಿತು ಅಂತ ಇಲ್ಲಿನವರು ಹೇಳಲಿ.