ಪುಸ್ತಕ ಪಟ್ಟಿ ಇಂಪೋರ್ಟ್ ಮಾಡುವ ಕಿಟಕಿ ಹೇಗಿರಬೇಕು?

ಪ್ರಶ್ನೆ (ಬದಿಯಡ್ಕದಿಂದ):
ನಮ್ಮೂರಿನ ಗ್ರಂಥಾಲಯಕ್ಕೆಂದು ಒಂದು ಓಪನ್ ಸೋರ್ಸ್ ತಂತ್ರಾಂಶ ಬರೆಯುತ್ತಿದ್ದೇನೆ. ಕನ್ನಡ, ಮಲಯಾಳ ಪುಸ್ತಕಗಳ ಪಟ್ಟಿ ಸಿಎಸ್‌ವಿ ಫೈಲಿನಲ್ಲಿದೆ (ಕಾಲಂಗಳನ್ನು ಅಲ್ಪವಿರಾಮದಂಥ ಗುರುತಿನಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್). ಇಂಪೋರ್ಟ್ ಮಾಡುವಾಗ 'ಎನ್‌ಕೋಡಿಂಗ್', 'ಡಿಲಿಮಿಟರ್' (ಅಕ್ಷರ ಉಳಿಸಿದ ವಿಧಾನ ಯಾವುದು, ಕಾಲಂ ಬೇರ್ಪಡಿಸುವ ಗುರುತು ಯಾವುದು) ಅಂತ ಕೇಳಿದರೆ ಗ್ರಂಥಾಲಯದ ಅಕ್ಕ ಅಲ್ಲೇ ನಿಂತುಬಿಡುತ್ತಾರೆ. ಪುಸ್ತಕಗಳ ಬಗ್ಗೆ ಅವರಿಗೆ ನನಗಿಂತ ಜಾಸ್ತಿ ಗೊತ್ತು. ಅವರಿಗೆ ಪಾಠ ಮಾಡುವ ಬದಲು ಕಿಟಕಿಯನ್ನೇ ಸುಲಭ ಮಾಡಬೇಕು ಅಲ್ವಾ? ಹೇಗೆ?

ಕುಂಬಳೆಯಿಂದ:
ಎಕ್ಸೆಲ್ ಥರದ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಆ ಫೈಲ್ ತೆರೆದು ನೋಡಿ. ಆಯ್ಕೆಗಳ ಕೆಳಗೇ ಮುನ್ನೋಟ ಇರುತ್ತದೆ. ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯ ಎನ್‌ಕೋಡಿಂಗ್) ಫೈಲಿಗೆ ಬೇರೇನೋ ಆರಿಸಿದರೆ ಕನ್ನಡ ಚಿತ್ರವಿಚಿತ್ರ ಗುರುತುಗಳಾಗುತ್ತದೆ. ಸರಿಯಾದದ್ದು ಆರಿಸಿದ ಕೂಡಲೇ ಅಕ್ಷರ ಮೂಡುತ್ತದೆ. ನೀವೂ ಹಾಗೇ ಮಾಡಿ. ತಂತ್ರಾಂಶವೇ ಮೊದಲು ಊಹಿಸಲಿ, ಆಮೇಲೆ "ಅಕ್ಷರ ಸರಿಯಾಗಿ ಕಾಣುತ್ತಿದೆಯೇ?" ಎಂದಷ್ಟೇ ಕೇಳಲಿ. ಸದಸ್ಯರ ಪಟ್ಟಿಯನ್ನೂ ಇಂಪೋರ್ಟ್ ಮಾಡುವುದಾದರೆ ಸದಸ್ಯತ್ವ ಸಂಖ್ಯೆಯನ್ನು ಪಠ್ಯವಾಗಿಯೇ ಓದಿ. ಇಲ್ಲದಿದ್ದರೆ 0042 ಹೋಗಿ 42 ಆಗುತ್ತದೆ.

ಮಂಜೇಶ್ವರದಿಂದ:
ಹಳೆಯ ಪಟ್ಟಿ ಯುನಿಕೋಡ್ ಅಲ್ಲದ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದರೆ ಯಾವ ಆಯ್ಕೆಯೂ ಕೆಲಸಕ್ಕೆ ಬಾರದು. ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಕೈಪಿಡಿಯ ಮೊದಲ ಪುಟದಲ್ಲೇ ಇದನ್ನು ಬರೆಯಿರಿ, ದಯವಿಟ್ಟು. ನಾಲ್ಕೈದು ಸಾಲಿನ ಮಾದರಿ ಫೈಲ್ ಕೊಡಿ. ಉದ್ದದ ವಿವರಣೆಗಿಂತ ಅದೇ ಉಪಯೋಗ. ಸುಮ್ನೆ "ದೋಷ" ಅನ್ನಬೇಡಿ. "12ನೇ ಸಾಲಿನಲ್ಲಿ ಲೇಖಕರ ಹೆಸರಿಲ್ಲ" ಅಂತ ಹೇಳಿ.

ಬದಿಯಡ್ಕದಿಂದ:
ತುಂಬಾ ಉಪಕಾರ ಆಯಿತು. ಮಾದರಿ ಫೈಲಿನಲ್ಲಿ ಎರಡೂ ಲಿಪಿಯ ಪುಸ್ತಕ ಹಾಕುತ್ತೇನೆ. ಕೈಪಿಡಿಯನ್ನು ಅಕ್ಕನ ಜೊತೆ ಕೂತೇ ಬರೆಯುತ್ತೇನೆ, ಮಲಯಾಳದಲ್ಲೂ. ಇಂಪೋರ್ಟ್ ಆದ ಮೇಲೆ ಪೂರ್ತಿ ರದ್ದು ಮಾಡುವ ಬಟನ್ ಕೂಡ ಬೇಕು ಅನಿಸುತ್ತಿದೆ. ಅದನ್ನು ಎಲ್ಲಿ ಇಡಲಿ?