ಹಳೇ ಟ್ರ್ಯಾಕ್ಟರ್ ತಂದೆ: ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಲಿಫ್ಟ್ ನಿಲ್ಲಲ್ಲ

ಪ್ರಶ್ನೆ (ರೈತ, ರಾಣೆಬೆನ್ನೂರು ಕಡೆ): ಅಣ್ಣಾ, ಹೋದ ತಿಂಗಳು ಗಂಗಾವತಿ ಕಡೆಯಿಂದ 45 ಎಚ್‌ಪಿ ಗಾಡಿ ತಂದೆ. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಸಂಜೆವರೆಗೂ ಚೆನ್ನಾಗಿ ಎಳೆಯುತ್ತದೆ. ಕಲ್ಟಿವೇಟರ್ ಎತ್ತಿದರೂ ನಿಲ್ಲಲ್ಲ, ತಾನಾಗೇ ಇಳಿಯುತ್ತದೆ. ಇಲ್ಲಿನ ಮೇಸ್ತ್ರಿ ಪಂಪು, ಇಂಜಿನ್ನು ಎರಡೂ ಬಿಚ್ಚಬೇಕು ಅಂತಾರೆ. ಬಿಚ್ಚಿಸಲಾ?

ಉತ್ತರ (ಟ್ರ್ಯಾಕ್ಟರ್ ಮೆಕ್ಯಾನಿಕ್): ಈಗಲೇ ಬೇಡ. ಹಳೇ ಗಾಡಿ ಕಂಡರೆ ಕೆಲವರ ಕೈ ಸುಮ್ನಿರಲ್ಲ! ದಿನವಿಡೀ ಚೆನ್ನಾಗಿ ಎಳೆಯುತ್ತದೆ ಅಂದರೆ ಮೊದಲ ಅನುಮಾನ ಡೀಸೆಲ್ ಲೈನಿನ ಗಾಳಿ. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಡೀಸೆಲ್ ಫಿಲ್ಟರ್ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಫೀಡ್ ಪಂಪನ್ನು (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪು) ಕೈಯಲ್ಲಿ ಒತ್ತಿ. ಗುಳ್ಳೆ ಬಂದರೆ, ಅದು ನಿಲ್ಲುವವರೆಗೆ ಒತ್ತಿ, ಸ್ಕ್ರೂ ಬಿಗಿ ಮಾಡಿ. ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಗಾಳಿಯದ್ದೇ ಕಾಟ. ಗುಳ್ಳೆಯೇ ಇಲ್ಲ, ಸೆಲ್ಫ್ ಹೊಡೆದಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ ಅಂದರೆ ಡೀಸೆಲ್ ಇಂಜಿನ್‌ಗೆ ಹೋಗುತ್ತಿದೆ. ಆಗ ನಾಜಲ್ (ಡೀಸೆಲ್ ಸಿಂಪಡಿಸುವ ಭಾಗ), ಕಂಪ್ರೆಶನ್ (ಸಿಲಿಂಡರಿನ ಒಳ ಒತ್ತಡ) ನೋಡಿಸಿ.

ಲಿಫ್ಟ್ ಪರೀಕ್ಷೆಗೆ, ಕಲ್ಟಿವೇಟರ್ ಎತ್ತಿ ಇಂಜಿನ್ ಆಫ್ ಮಾಡಿ. ಬೇಗ ಇಳಿದರೆ ಲಿಫ್ಟ್ ಸಿಲಿಂಡರಿನ ಓ-ರಿಂಗ್ (ರಬ್ಬರ್ ಬಳೆ) ಅಥವಾ ವಾಲ್ವ್ ಲೀಕ್. ಎತ್ತಿದ ಕಲ್ಟಿವೇಟರ್ ಕೆಳಗೆ ಮಾತ್ರ ಕೈಕಾಲು ಹಾಕಬೇಡಿ. ಗೇರ್ ಆಯಿಲ್ ಬಣ್ಣವನ್ನೂ ನೋಡಿ. ಗಂಗಾವತಿ ಭತ್ತದ ಸೀಮೆ, ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಕೆಸರಲ್ಲಿ ಓಡಿಸಿರುತ್ತಾರೆ, ಆಯಿಲಿಗೆ ನೀರು ಸೇರಿರಬಹುದು.

ಪ್ರಶ್ನೆ ಕೇಳಿದವರು: ಗುಳ್ಳೆ ಬಂತಣ್ಣಾ, ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇಂಜಿನ್ ಆಫ್ ಮಾಡಿದ ಕೂಡಲೇ ಕಲ್ಟಿವೇಟರ್ ಇಳಿಯಿತು. ಆಯಿಲ್ ಹಾಲು ಹಾಕಿದ ಚಹಾ ಥರ ಇದೆ.

ಮೆಕ್ಯಾನಿಕ್: ಹಾಗಾದರೆ ಇಂಜಿನ್ ಮುಟ್ಟಲೇಬೇಡಿ. ಫಿಲ್ಟರ್, ಪಂಪಿನ ಪೈಪು ಸೇರುವಲ್ಲಿನ ತಾಮ್ರದ ವಾಷರ್‌ಗಳನ್ನು ಬದಲಿಸಿ. ರಬ್ಬರ್ ಪೈಪು ಬಿರಿದಿದ್ದರೆ ಅದನ್ನೂ ಬದಲಿಸಿ. ಖರ್ಚು ಜಾಸ್ತಿ ಆಗಲ್ಲ.

ಆಯಿಲಿಗೆ ನೀರು ಸೇರಿದೆ. ಬಹಳಷ್ಟು ಗಾಡಿಗಳಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್. ಹಾಗಾಗಿ ಹೊಸದನ್ನು ಈಗಲೇ ಹಾಕಿಸಬೇಡಿ, ಲಿಫ್ಟ್ ಬಿಚ್ಚುವಾಗ ಎರಡನೇ ಸಲ ದುಡ್ಡು ದಂಡ. ಗಾಡಿ ಬಿಸಿ ಇರುವಾಗ ಹಳೇ ಆಯಿಲ್ ಪೂರ್ತಿ ಇಳಿಸಿ, ಲಿಫ್ಟ್ ಕವರ್ ತೆಗೆಸಿ ಓ-ರಿಂಗ್ ಹಾಕಿಸಿ, ವಾಲ್ವ್ ನೋಡಿಸಿ, ಆಯಿಲ್ ಸೋಸುವ ಜಾಲರಿ ತೊಳೆಸಿ. ನೀರು ಎಲ್ಲಿಂದ ಸೇರಿತು ಅಂತ ಪಿಟಿಓ (ಹಿಂದಿನ ಉಪಕರಣ ತಿರುಗಿಸುವ ಶಾಫ್ಟ್), ಆಕ್ಸಲ್ ಸೀಲ್‌ಗಳನ್ನೂ ಆಗಲೇ ನೋಡಿ, ಗೇರ್ ಲಿವರಿನ ರಬ್ಬರ್ ಕೂಡ. ಹೊಸ ಆಯಿಲ್ ಆಮೇಲೆ.

ಇನ್ನೊಬ್ಬರು: ಆರ್‌ಸಿ ನಿಮ್ಮ ಹೆಸರಿಗೆ ಆಯ್ತಾ ತಮ್ಮಾ? ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಹಳೇ ಮಾಲೀಕರ ಸಹಿ ಬೇಕು. ಗಾಡಿ ಮೇಲೆ ಸಾಲ ಇದ್ದಿದ್ದರೆ ಸಾಲ ತೀರಿತು ಅನ್ನುವುದಕ್ಕೆ ಬ್ಯಾಂಕಿನಿಂದ ಫಾರಂ 35 ಕೂಡ ಕೇಳಿ.