ರವಿವಾರದ ಜೀಪು, ಕಪ್ಪತಗುಡ್ಡ ಮತ್ತ ನಮ್ಮ ಬಡಾವಣೆ

ಸಂಘದ ಕಾರ್ಯದರ್ಶಿ · ರವಿವಾರ, ಮುಂಜಾನೆ 6:12
ಎಲ್ಲಾರಿಗೂ ನಮಸ್ಕಾರ. ಇವತ್ತು ನಸುಕಿನ್ಯಾಗ 5:20ಕ್ಕ ಉದ್ಯಾನದ ಮುಂದಿನ ಸರ್ಕಲ್‌ನಾಗ 6 ಜೀಪು, 11 ಬೈಕು ಕೂಡಿದ್ವು. ಅರ್ಧ ತಾಸು ಎಂಜಿನ್ ಚಾಲೂ ಇಟ್ಟು, ಆಮ್ಯಾಲೆ ಡಂಬಳದ ದಾರಿ ಹಿಡದ್ವು. ಹೊಳ್ಳಿ ಬಂದಾಗ ನಮ್ಮ ನೀರಿನ ಟ್ಯಾಂಕ್ ಹತ್ರ ಗಾಡಿ ತೊಳೀತಾರ, ಕೆಂಪು ರಾಡಿ ಗಟಾರ ತುಂಬತೈತಿ. ಇಷ್ಟು ದಿನ ನಾವು ಇದನ್ನ ಸಪ್ಪಳದ ತಕರಾರು ಅಂತ ನೋಡಿದ್ವಿ. ಆದ್ರ ಇವು ಹೋಗೂದು ಕಪ್ಪತಗುಡ್ಡ ವನ್ಯಜೀವಿ ಧಾಮದ ಒಳಗ. ತಿಳದವ್ರು ಬರೀರಿ, ಏನು ಮಾಡಬಹುದು? ಬೈಗುಳ ಬ್ಯಾಡ, ಫಾರ್ವರ್ಡ್ ಬ್ಯಾಡ.

ವಕೀಲರು, 4ನೇ ಕ್ರಾಸ್ · 6:41
ಮೊದಲು ಸಪ್ಪಳದ್ದು ಮುಗಿಸೋಣ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಮುಂಜಾನೆ 6ರ ತನಕ ರಾತ್ರಿಯ ವೇಳೆ. ವಸತಿ ಪ್ರದೇಶಕ್ಕೆ ಮಿತಿ 45 ಡೆಸಿಬೆಲ್. ಅಂದರೆ 5:20 ಕಾಯ್ದೆಯ ಲೆಕ್ಕದಲ್ಲಿ ಇನ್ನೂ ರಾತ್ರಿ. ಸೈಲೆನ್ಸರ್ ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ ಕಲಂ 190(2) ಹತ್ತುತ್ತದೆ: ಮೊದಲನೇ ಸಲಕ್ಕೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. 18 ತುಂಬದ ಹುಡುಗರು ಗಾಡಿ ಹೊಡೆದರೆ 199ಎ. ಅದರಲ್ಲಿ ಪಾಲಕರಿಗೇ 25,000 ದಂಡ, ಮೂರು ವರ್ಷದ ತನಕ ಶಿಕ್ಷೆ. ಈ ಗುಂಪಿನಲ್ಲಿರುವ ತಂದೆ-ತಾಯಂದಿರು ಇದನ್ನು ಎರಡು ಸಲ ಓದಬೇಕು.

ಗುಡ್ಡದ ಮಾತು ಬೇರೆ ಮತ್ತು ದೊಡ್ಡದು. 2015ರಲ್ಲಿ ಅದು ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಆದೇಶ ಹಿಂದಕ್ಕೆ ಹೋಯಿತು. ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಗದಗಿನ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಬಂತು. 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಈಗ ಅಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಲಂ 27 ನಡೆಯುತ್ತದೆ. ಕರ್ತವ್ಯದ ಮೇಲಿರುವ ನೌಕರರು, ಪರವಾನಿಗೆ ಇದ್ದವರು, ಒಳಗೆ ಸ್ಥಿರಾಸ್ತಿಯ ಹಕ್ಕು ಇದ್ದವರು ಮತ್ತು ಅವರನ್ನು ಅವಲಂಬಿಸಿದವರು, ಸಾರ್ವಜನಿಕ ಹೆದ್ದಾರಿ ಹಿಡಿದು ದಾಟಿ ಹೋಗುವವರು. ಇಷ್ಟೇ ಜನಕ್ಕೆ ಪ್ರವೇಶ. ಪ್ರಾಣಿಗೆ ಗಾಯ ಆಗಬೇಕು, ಗಿಡ ಮುರಿಯಬೇಕು ಅಂತಿಲ್ಲ. ಪರವಾನಿಗೆ ಇಲ್ಲದೆ ಒಳಗೆ ಇರುವುದೇ ಅಪರಾಧ.

ಮನಿ ನಂ. 27 · 7:05
ಸರ, ನಾನೂ ಆ ಗುಂಪಿನ್ಯಾಗ ಬೈಕ್ ಹೊಡಿಯಾಂವ, ಮುಚ್ಚಿಡೂದಿಲ್ಲ. ಒಂದ ಪ್ರಶ್ನೆ. ಗಾಳಿಯಂತ್ರ ನಿಲ್ಲಸಾಕ ಗುಡ್ಡ ಕಡದು ರಸ್ತೆ ಮಾಡ್ಯಾರ. ನೂರಾರು ಟನ್‌ನ ಕ್ರೇನ್ ಅದ ರಸ್ತೆ ಮ್ಯಾಲೆ ಏರ್‍ಯಾವ. ಅಲ್ಲಿ 160 ಕಿಲೋದ ಬೈಕ್ ಹೋದ್ರ ಏನು ಲುಕ್ಸಾನು? ದನ ದಿನಾ ಏರತಾವ, ಅವುಗಳ ಕಾಲಾಗೂ ಮಣ್ಣು ಕಿತ್ತು ಬರತೈತಿ. ನಾವೂ ಗುಡ್ಡದ ಮ್ಯಾಲಿನ ಪ್ರೀತಿಗೇ ಹೋಗೂದು.

ಜಲಾನಯನ ಇಂಜಿನಿಯರ್, 1ನೇ ಕ್ರಾಸ್ · 7:38
ತಮ್ಮಾ, ಖರೇ ಪ್ರಶ್ನೆ ಕೇಳಿದಿ, ಅದಕ್ಕ ಪೂರಾ ಉತ್ತರ ಕೊಡ್ತೀನಿ.

ದನದ ಗೊರಸಿನ ಒತ್ತಡ ಟೈರಿಗಿಂತ ಕಮ್ಮಿ ಇಲ್ಲ, ನೀ ಹೇಳೂದು ಬರೋಬ್ಬರಿ ಐತಿ. ಜೀಪಿನ ಟೈರಿನ್ಯಾಗ 30 ಪಿಎಸ್ಐ ಗಾಳಿ ಇದ್ರ ನೆಲದ ಮ್ಯಾಲೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಭಾರ ಬೀಳತೈತಿ. ಗುಡ್ಡ ಏರಾಕ 18ಕ್ಕ ಇಳಿಸಿದ್ರ ಸುಮಾರು 1.3. ಎತ್ತಿನ ಗೊರಸೂ ಅದರ ಆಸುಪಾಸು. ಫರಕು ಭಾರದಾಗಿಲ್ಲ. ಗೊರಸು ಅಲ್ಲೊಂದು ಇಲ್ಲೊಂದು ಗುಳಿ ಮಾಡತೈತಿ, ಗುಳಿಯೊಳಗ ನೀರು ನಿಂತು ಇಂಗತೈತಿ. ಟೈರು ತುಂಡಾಗದ ಒಂದ ಗೆರಿ ಎಳೀತೈತಿ, ಆ ಗೆರಿ ನೀರಿಗೆ ಕಾಲುವಿ ಆಗತೈತಿ. ಮ್ಯಾಲೆ ಗುಡ್ಡ ಏರೂವಾಗ ಚಕ್ರ ನಿಂತಲ್ಲೇ ತಿರಗತೈತಲ್ಲ, ಅವಾಗ ಟೈರಿನ ಹಲ್ಲು ಹುಲ್ಲಿನ ಬೇರನ್ನ ಬುಡಸಮೇತ ಹಿಂದಕ್ಕ ಒಗೀತೈತಿ. ದನ ಹುಲ್ಲು ಮೇಯತೈತಿ, ಬೇರು ಉಳೀತೈತಿ.

ಇನ್ನ ಗಾಳಿಯಂತ್ರದ ರಸ್ತೆ. ಭಾರದ ಗಾಡಿ ನೆಟ್ಟಗ ಏರಲಾರದು, ಅದಕ್ಕ ಆ ರಸ್ತೆ ಸುತ್ತಿ ಸುತ್ತಿ ಏರತೈತಿ, ಬಾಜೂಕ ಮೋರಿ ಐತಿ. ನಿಮಗ ಆ ರಸ್ತೆಯಾಗ ಮಜಾ ಇಲ್ಲ. ಎರಡು ತಿರುವಿನ ನಡುವ ನೆಟ್ಟಗ ಏರಿದ್ರನ ಮಜಾ. ನೀವು ಹೊಸದಾಗಿ ಹಾಕೂ ಗೆರಿ ಎಲ್ಲಾ ಇಂಥಲ್ಲೇ. ಅಲ್ಲಿ ಇಳಿಜಾರು 30% ದಾಟಿರತೈತಿ, ಮಣ್ಣು ಗರಸು, ಅದರ ಕೆಳಗ ಕಲ್ಲು. ಹಿಡಿದು ನಿಲ್ಲಸಾಕ ಹುಲ್ಲಿನ ಬೇರು ಬಿಟ್ರ ಏನೂ ಇಲ್ಲ.

ಡೋಣಿ ಕಡೆ ಹೊಲದ ಬದುವಿನಿಂದ ತಗದ ಒಂದು ಫೋಟೋ ಹಾಕೀನಿ, ದೊಡ್ಡದು ಮಾಡಿ ನೋಡ್ರಿ. ಜೋಡಿ ಗೆರಿಯೊಳಗ ಎಡಗಡೆದು ಒಂದು ಗೇಣು ಆಳ ಆಗೈತಿ. ತಳದಾಗ ಮಣ್ಣು ಇಲ್ಲ, ತೊಳದ ಕಲ್ಲಷ್ಟ. ಅಂಚಿನ್ಯಾಗ ಹುಲ್ಲಿನ ಬೇರು ಗಾಳ್ಯಾಗ ಜೋತಾಡಾಕ ಹತ್ತೈತಿ, ಕೂದಲಿನಂಗ. ಆ ಅಂಚು ಮುಂದಿನ ಮಳಿಗೆ ಕುಸೀತೈತಿ. ಆವಾಗ ಗಾಡಿಯವ್ರು ಗೆರಿ ಕೆಟ್ಟೈತಿ ಅಂತ ಅದರ ಬಾಜೂಕ ಇನ್ನೊಂದು ಹಾಕತಾರ. ಹಿಂಗ ಎಂಟು ಅಡಿ ದಾರಿ ಮೂವತ್ತು ಅಡಿ ಆಗತೈತಿ.

ಸಸ್ಯಶಾಸ್ತ್ರ ಮೇಡಂ, 1ನೇ ಕ್ರಾಸ್ · 8:20
ಇಂಜಿನಿಯರ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಪ್ಪತಗುಡ್ಡದ ಹೆಸರು ಇರುವುದೇ ಔಷಧಿ ಸಸ್ಯಗಳಿಂದ. ಹಲವು ಮಕ್ಕಳ ತಾಯಿ ಬೇರಿನಂಥ ಗೆಡ್ಡೆಯ ಬಳ್ಳಿಗಳು ಬೇಸಿಗೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಮೊದಲ ಮಳೆಗೆ ಚಿಗುರುತ್ತವೆ. ಗಾಡಿಯವರಿಗೆ ಗುಡ್ಡ ಚಂದ ಕಾಣುವುದೂ ಇದೇ ಆಷಾಢ-ಶ್ರಾವಣದಲ್ಲಿ. ನೆಲ ಮೆತ್ತಗಾಗಿರುವುದೂ ಈಗಲೇ, ಕವಜುಗ, ಲಾವಕ್ಕಿ ನೆಲದ ಮೇಲೆ ಮೊಟ್ಟೆ ಇಡುವುದೂ ಮಳೆಯ ಈ ದಿನಗಳಲ್ಲೇ. ಹುಲ್ಲಿನ ಬುಡದಲ್ಲಿ ಮಣ್ಣಿನ ಬಣ್ಣದ ಮೊಟ್ಟೆ. ನಿಂತು ನೋಡಿದರೂ ಕಾಣದ್ದು ಬೈಕಿನ ಮೇಲಿಂದ ಕಾಣುತ್ತದೆಯೇ?

ಟೈರಿನ ರಾಡಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಾಂಗ್ರೆಸ್ ಕಸದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಬಿಡುತ್ತದೆ. ರಸ್ತೆ ಬದಿಯ ಹಸಿ ಮಣ್ಣಿನ ಜೊತೆ ಅದು ಟೈರಿನ ಹಲ್ಲಿನ ಸಂದಿಗೆ ಅಂಟಿ ಗುಡ್ಡ ಏರುತ್ತದೆ. ಬೇರು ಕಿತ್ತ ಬರಿ ನೆಲವೇ ಅದಕ್ಕೆ ಬೇಕಾದದ್ದು. ಒಮ್ಮೆ ಊರಿತೆಂದರೆ ದನ ಅದನ್ನು ಮೇಯುವುದಿಲ್ಲ, ಅಲ್ಲಿ ಹುಲ್ಲೂ ತಿರುಗಿ ಬರುವುದಿಲ್ಲ.

ಗ್ಯಾರೇಜ್, 2ನೇ ಕ್ರಾಸ್ · 9:02
ನನ್ನ ಚಿಂತಿ ಬ್ಯಾಸಗಿದು. ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಇರತೈತಿ, ಹೊಗಿ ಸ್ವಚ್ಛ ಮಾಡೂ ಡಬ್ಬಿ, ಚಾಲೂ ಇದ್ದಾಗ ಅದು 400ರಿಂದ 600 ಡಿಗ್ರಿ ಕಾಯತೈತಿ. ಬಿಎಸ್-6 ಡೀಜೆಲ್ ಗಾಡಿಯೊಳಗ ಇದರ ಜೋಡಿ ಡಿಪಿಎಫ್ ಐತಿ, ಮಸಿ ಹಿಡಿಯೂ ಜಾಳಗಿ. ಲೋ ಗೇರಿನ್ಯಾಗ ಮೆಲ್ಲಕ ಗುಡ್ಡ ಏರಿದ್ರ ಮಸಿ ಲಗೂ ತುಂಬತೈತಿ. ತುಂಬಿದ ಮ್ಯಾಲೆ ಗಾಡಿ ತಾನ ಹೆಚ್ಚಿನ ಡೀಜೆಲ್ ಕಳಿಸಿ ಅದನ್ನ ಸುಡತೈತಿ. ಆವಾಗ ಒಳಗ 600 ಡಿಗ್ರಿ ಆಸುಪಾಸು. ಹೊಡಿಯಾಂವಗ ಇದು ಗೊತ್ತೂ ಆಗೂದಿಲ್ಲ. ಅದ ಹೊತ್ತಿಗೆ ಮಾರುದ್ದ ಒಣ ಹುಲ್ಲಿನ್ಯಾಗ ಗಾಡಿ ನಿಲ್ಲಿಸಿ ಫೋಟೋ ಹೊಡಕೊಂಡ್ರ? ಗಾಡಿಯ ತಳ ಕಾಯೂ ಸ್ಕಿಡ್ ಪ್ಲೇಟ್ ಅನ್ನೂ ತಗಡಿನ ಮ್ಯಾಲೆ ಒಣ ಹುಲ್ಲು ಸಿಕ್ಕೊಂಡು ಕೂತಿರತೈತಿ, ನಾವು ಗಾಡಿ ಎತ್ತಿದಾಗ ಬೊಗಸಿಗಟ್ಟಲೆ ತಗೀತೀವಿ. ಕಪ್ಪತಗುಡ್ಡದ ಬಾದೆ ಹುಲ್ಲಿನ್ಯಾಗ ಎಣ್ಣಿ ಅಂಶ ಐತಿ, ಕಿಡಿ ತಾಗಿದ್ರ ಸಾಕು.

ಮನಿ ನಂ. 27 · 9:15
ಡಿಪಿಎಫ್ ವಿಚಾರ ನನಗ ಗೊತ್ತಿರಲಿಲ್ಲ ಅಣ್ಣಾ. ಆದ್ರ ರಸ್ತೆ ಬಿಟ್ಟು ಇಳಿಯೂದಿಲ್ಲ ಅಂತ ನಾವ ನಿಯಮ ಮಾಡಿಕೊಂಡ್ರ?

ಮನಿ ನಂ. 9 · 9:31
ಅಮೆರಿಕದಾಗ ಇದ ವಾದ ಐವತ್ತು ವರ್ಷ ನಡದೈತಿ. ಅಲ್ಲಿ 1964ರ ವೈಲ್ಡರ್‌ನೆಸ್ ಕಾಯ್ದೆ ಬಂದಾಗ, ಆ ಕಾಯ್ದೆದಾಗ ಗುರುತು ಮಾಡಿದ ಕಾಡಿನೊಳಗ ಮೋಟಾರು ಗಾಡಿ ಬಂದ್ ಆತು. ಉಳಿದ ಸರ್ಕಾರಿ ಜಮೀನಿಗೆ 1972ರಾಗ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿದ್ರು, ಎಲ್ಲಿ ಓಡಸಬಹುದು, ಎಲ್ಲಿ ಇಲ್ಲ ಅಂತ ಗುರುತು ಮಾಡ್ರಿ ಅಂತ. ಆಮ್ಯಾಲೂ ಹೊಸ ಹೊಸ ದಾರಿ ಹುಟ್ಟೂದು ನಿಲ್ಲಲಿಲ್ಲ. ಕಡೀಕ 2005ರಾಗ ಅಲ್ಲಿನ ಅರಣ್ಯ ಇಲಾಖೆ ಲೆಕ್ಕಾ ತಿರುವಿ ಹಾಕ್ತು. ನಕಾಶೆದಾಗ ಗುರುತು ಇದ್ದ ದಾರಿ ಅಷ್ಟ ತೆರದದ್ದು, ಗುರುತು ಇಲ್ಲದ್ದೆಲ್ಲಾ ಬಂದ್. ಅಂದ್ರ "ನಾವ ನಿಯಮ ಪಾಲಸ್ತೀವಿ" ಅನ್ನೂದು ಅಲ್ಲೂ ಸಾಕಾಗಲಿಲ್ಲ. ನಮ್ಮ ಧಾಮಕ್ಕ ಅವರ 1964ರ ಕಾಯ್ದೆದ ಹೋಲಿಕೆ ಸರಿ ಹೊಂದತೈತಿ, 1972ರ ಆದೇಶದ್ದಲ್ಲ.

ವಕೀಲರು, 4ನೇ ಕ್ರಾಸ್ · 9:44
27ನೇ ಮನೆಯ ತಮ್ಮನಿಗೆ: ಗಾಳಿಯಂತ್ರದ ನಿರ್ವಹಣಾ ರಸ್ತೆ ಸಾರ್ವಜನಿಕ ಹೆದ್ದಾರಿ ಅಲ್ಲ. ಅಲ್ಲಿಗೂ ಪರವಾನಿಗೆ ಬೇಕು. ಕಲಂ 28ರಲ್ಲಿ ಪರವಾನಿಗೆಯ ಉದ್ದೇಶಗಳಿವೆ: ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಇತ್ಯಾದಿ. ಗಾಡಿ ಏರಿಸುವ ಪಂದ್ಯ ಅದರಲ್ಲಿಲ್ಲ. ಕಲಂ 51ರಲ್ಲಿ ಮೂರು ವರ್ಷದ ತನಕ ಜೈಲು ಅಥವಾ ದಂಡ ಅಥವಾ ಎರಡೂ. ದಂಡದ ಮಿತಿಯನ್ನು 2022ರ ತಿದ್ದುಪಡಿ 25,000ದಿಂದ 1 ಲಕ್ಷಕ್ಕೆ ಏರಿಸಿದೆ. ಅಪರಾಧಕ್ಕೆ ಬಳಸಿ ಜಪ್ತಾದ ವಾಹನ ಕಲಂ 39ರ ಕೆಳಗೆ ಸರ್ಕಾರದ ಆಸ್ತಿ. ಇಪ್ಪತ್ತು ಲಕ್ಷದ ಜೀಪಿನ ಮಾಲೀಕರು ದಂಡಕ್ಕಿಂತ ಇದಕ್ಕೆ ಹೆದರಬೇಕು.

ಮನಿ ನಂ. 14, ಅಕ್ಕಾರು · 10:10
ಒಂದು ಮಾತು ವಕೀಲ ಸಾಹೇಬ್ರ. ಕಾಯ್ದೆ ಅಂತ ಹಿಡಕೊಂಡು ಹೋದ್ರ ಮೊದಲ ಪೆಟ್ಟು ಕುರಿ ಕಾಯಾವ್ರಿಗೇ ಬೀಳೂದು. ಮುಂದಿನ ವಾರ ಶ್ರಾವಣ, ಕಪ್ಪತ ಮಲ್ಲೇಶ್ವರಗ ನಡಕೊಂತ ಹೋಗಾವ್ರು ಸಾವಿರಾರು ಮಂದಿ. ಜೀಪು ತಡಿಯಾಕ ಹೋಗಿ ಅವರ ದಾರಿ ಮುಚ್ಚಬ್ಯಾಡ್ರಿ. ಆ ಗುಡ್ಡ ಉಳದದ್ದು ಊರಾಗಿನ ಮಂದಿ ಕಟ್ಟಿ ಕಾದದ್ದಕ್ಕ.

ನಿವೃತ್ತ ಫಾರೆಸ್ಟರ್ ಕಾಕಾ · 10:52
ಅಕ್ಕಾರ ಮಾತು ನೂರಕ್ಕ ನೂರು ಖರೆ. ತಡಿಯೂದು ಗಾಡಿಯನ್ನ, ಮಂದಿಯನ್ನಲ್ಲ. ಅದು ಹೆಂಗಂತ ಹೇಳ್ತೀನಿ.

ಈಗಿನ ಫೋರ್ ಬೈ ಫೋರ್ ಜೀಪು ಸುಮಾರು 1.8 ಮೀಟರ್ ಅಗಲ. ದಾರಿಗೆ ಅಡ್ಡ ಬಂಡಿಗಲ್ಲು ಇಟ್ಟು ನಡುವ 1.2 ಮೀಟರ್ ಸಂದಿ ಬಿಟ್ರ ಜೀಪು ನಿಲ್ಲತೈತಿ, ದನ-ಕುರಿ-ಮಂದಿ ದಾಟತಾರ. ಕಲ್ಲು ಒಂದೊಂದು 400-500 ಕಿಲೋಕ್ಕ ಕಮ್ಮಿ ಇರಬಾರದು, ಮೂರನೇ ಒಂದು ಪಾಲು ನೆಲದಾಗ ಹೂಳಬೇಕು. ಮ್ಯಾಲೆ ಬರೇ ಇಟ್ಟ ಕಲ್ಲನ್ನ ಜೀಪಿನ ವಿಂಚಿನಿಂದ (ಹಗ್ಗ ಸುತ್ತಿ ಎಳಿಯೂ ಯಂತ್ರ) ಐದು ನಿಮಿಷದಾಗ ಎಳದು ಒಗೀತಾರ.

ಬೈಕಿಗೆ ಇದು ಸಾಲೂದಿಲ್ಲ. ಹ್ಯಾಂಡಲ್ 80-85 ಸೆಂಟಿಮೀಟರ್ ಅಗಲ, ಆರಾಮ ನುಗ್ಗತೈತಿ. ಮಂದಿ ಅಷ್ಟ ನಡಿಯೂ ದಾರಿ ಇದ್ರ ಕಲ್ಲುಗೋಡಿ ಕಟ್ಟಿ 60 ಸೆಂಟಿಮೀಟರಿನ ಅಂಕುಡೊಂಕು ಸಂದಿ ಬಿಡಬಹುದು, ಬೈಕು ತಿರಗಾಕ ಬರೂದಿಲ್ಲ. ದನದ ದಾರಿಯೊಳಗ ಇದು ನಡಿಯೂದಿಲ್ಲ, ದನ ದಾಟೂ ಸಂದಿಯೊಳಗ ಬೈಕೂ ದಾಟತೈತಿ. ಅಲ್ಲಿ ಕಾವಲು ಬಿಟ್ರ ಬೇರೆ ಉಪಾಯ ಇಲ್ಲ.

ಜೆಸಿಬಿ ತಂದು ಟ್ರೆಂಚ್ ಹೊಡೀರಿ ಅಂತ ಯಾರರ ಹೇಳ್ತಾರ, ಅದಕ್ಕ ಮೊದಲ ಹೇಳ್ತೀನಿ. 1.5 ಮೀಟರ್ ಅಗಲ, 1.2 ಮೀಟರ್ ಆಳ ಬೇಕು, ತಗದ ಮಣ್ಣು ಗುಡ್ಡದ ಕಡೆ ಹಾಕಬೇಕು. ದಾರಿ ಕಡೆ ಹಾಕಿದ್ರ ಅದನ್ನ ಎಳದು ಮಧ್ಯಾಹ್ನದೊಳಗ ತಗ್ಗು ಮುಚ್ಚತಾರ. ಇಳಿಜಾರಿನ ಗುಂಟ ಟ್ರೆಂಚ್ ಹೊಡದ್ರಂತೂ ಅದ ಹೊಸ ಹಳ್ಳ ಆಗತೈತಿ. ಎರಡೂ ತುದೀಗೆ ಇಳಿಜಾರು ಬಿಡಬೇಕು, ಇಲ್ಲಂದ್ರ ತ್ವಾಳದ ಮರಿ, ಕೊಂಡಕುರಿ ಬಿದ್ದು ಹೊರಗ ಬರಲಾರವು.

ಗಾಳಿಯಂತ್ರದ ರಸ್ತೆಗೆ ಕಬ್ಬಿಣದ ಗೇಟು ಆಗಬೇಕು, ಕೀಲಿ ಯಾರ್ ಕೈಯಾಗ ಯಾವಾಗ ಹೋತು ಅನ್ನೂ ವಹಿ ಇರಬೇಕು. ಗೇಟು ಕೆಡೂದು ಬಾಜೂಕ. ಕಂಬದ ಆಚೆ ಈಚೆ ಸಪಾಟ ಜಾಗಾ ಬಿಟ್ರ ಸುತ್ತ ಹಾಕಿ ಹೋಗತಾರ. ಒಂದು ಕಡೆ ಕಲ್ಲುಬಂಡಿ, ಇನ್ನೊಂದು ಕಡೆ ಮೋರಿ ಇರೂ ಜಾಗಾದಾಗ ಗೇಟು ಕೂಡ್ರಿಸಬೇಕು.

ಇದ್ಯಾವುದೂ ನಾವ ಮಾಡೂದಲ್ಲ. ಧಾಮದೊಳಗ ಒಂದು ಕಲ್ಲು ಸರಿಸಾಕೂ ಇಲಾಖೆ ಅಪ್ಪಣಿ ಬೇಕು. ನಾವು ಜಾಗಾ ತೋರಿಸಿ ಅರ್ಜಿ ಕೊಡಬೇಕು.

ಜಲಾನಯನ ಇಂಜಿನಿಯರ್, 1ನೇ ಕ್ರಾಸ್ · 11:20
ಕಾಕಾರ, ಹಳೇ ಗೆರಿ ಮುಚ್ಚೂದನ್ನೂ ಅರ್ಜಿಯೊಳಗ ಸೇರಸೂಣ. ದಾರಿ ಬಂದ್ ಆದ್ರೂ ಗೆರಿ ತಾನಾಗಿ ಮಾಯೂದಿಲ್ಲ. ತಳ ಗಟ್ಟಿಯಾಗಿರತೈತಿ, ಬೀಜ ಬಿದ್ರೂ ಬೇರು ಇಳಿಯೂದಿಲ್ಲ. ಹಾರಿ, ಗುದ್ದಲಿ ತಗೊಂಡು 15-20 ಸೆಂಟಿಮೀಟರ್ ಆಳಕ್ಕ ಅಡ್ಡಡ್ಡ ಸಡಲಿಸಬೇಕು. ಆಮ್ಯಾಲೆ ಗೆರಿಗೆ 30 ಡಿಗ್ರಿ ಓರೆಯಾಗಿ ಕಲ್ಲಿನ ಅಡ್ಡ ಒಡ್ಡು ಹಾಕಬೇಕು, ನೀರು ಬಾಜೂಕಿನ ಹುಲ್ಲಿಗೆ ಹೋಗಬೇಕು. ಇಳಿಜಾರು 10% ಇದ್ರ 25 ಮೀಟರಿಗೊಂದು, 20% ಇದ್ರ 13-14 ಮೀಟರಿಗೊಂದು, 30% ಇದ್ರ 10 ಮೀಟರಿಗೊಂದು. ಒಡ್ಡನ್ನ ನೆಟ್ಟಗ ಅಡ್ಡ ಹಾಕಿದ್ರ ಹಿಂದ ನೀರು ನಿಂತು, ಮ್ಯಾಲೆ ಹಾಸಿ, ಒಡ್ಡನ್ನ ಒಡಕೊಂಡು ಹೋಗತೈತಿ. ಭಾಳ ಕಡೆ ಕೆಡೂದು ಇದರಿಂದನ.

ಮನಿ ನಂ. 31 · 11:34
ಮುಂದಿನ ರವಿವಾರ ನಾವು ನಾಲ್ಕು ಮಂದಿ ಹಿಂದ ಹೋಗಿ ವಿಡಿಯೋ ಮಾಡಿ ಎಲ್ಲಾ ಕಡೆ ಹಾಕ್ತೀವಿ.

ವಕೀಲರು, 4ನೇ ಕ್ರಾಸ್ · 11:40
ಬೇಡ. ಹಿಂದೆ ಹೋಗಿ ಧಾಮದೊಳಗೆ ಕಾಲಿಟ್ಟರೆ ಕಲಂ 27 ನಿಮಗೂ ಹತ್ತುತ್ತದೆ. ಫೋಟೋ ಹೊರಗಿನಿಂದ ತೆಗೆಯಿರಿ: ಗಾಡಿಯ ನಂಬರ್ ಪ್ಲೇಟ್ ಕಾಣುವುದು ಒಂದು, ಗಡಿಯ ಫಲಕ ಅಥವಾ ಗಡಿಕಲ್ಲು ಮತ್ತು ಗಾಡಿ ಒಂದೇ ಚೌಕಟ್ಟಿನಲ್ಲಿರುವುದು ಒಂದು. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ, ಸಮಯ-ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲು ಅದೇ ಫೋನಿನಲ್ಲಿ ಇಟ್ಟುಕೊಳ್ಳಿ. ಕೋರ್ಟಿಗೆ ಹೋದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಗಾಡಿ ಒಳಗೆ ಹೋಗುವುದು ಕಂಡ ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಬಡಾವಣೆಯ ಸಪ್ಪಳಕ್ಕೆ 112. ಜಾಲತಾಣಕ್ಕೆ ಹಾಕಿದರೆ ಮುಂದಿನ ವಾರ ಅವರು ಬೇರೆ ದಾರಿ ಹಿಡಿಯುತ್ತಾರೆ, ಅಷ್ಟೇ.

ಮನಿ ನಂ. 27 · 12:15
ನಮ್ಮ ಗುಂಪಿಗೆ ಇದೆಲ್ಲಾ ಕಳಿಸೀನಿ. ಮೂರು ಮಂದಿ ಬರೂದಿಲ್ಲ ಅಂದಾರ, ಉಳದವ್ರು ಇನ್ನೂ ವಾದ ಹಾಕಾಕ ಹತ್ಯಾರ. ಹೋಗಬ್ಯಾಡ ಅಂದ್ರ ಎಲ್ಲಿ ಹೋಗೂದು ಅಂತ ಕೇಳ್ತಾರ.

ಗ್ಯಾರೇಜ್, 2ನೇ ಕ್ರಾಸ್ · 12:28
ಖಾಸಗಿ ಜಮೀನಿನ್ಯಾಗ ಬಂದ್ ಬಿದ್ದ ಗರಸಿನ ಖಣಿ ನೋಡ್ರಿ. ಮಾಲೀಕರ ಕಡಿಂದ ಬರದ ಒಪ್ಪಿಗಿ ತಗೋರಿ. ನೀರು ತುಂಬಿದ ಖಣಿ ಬ್ಯಾಡ, ಕಡಿದಾದ ಗೋಡಿಯಿಂದ ಹತ್ತು ಮೀಟರ್ ದೂರ ಹಗ್ಗ ಕಟ್ಟರಿ. ಎರಿ ಭೂಮಿ ಮಳ್ಯಾಗ ಬ್ಯಾಡ್ರಿ, ಗಾಡಿ ಆಕ್ಸಲ್‌ತನಕ ಹುಗೀತೈತಿ, ರೈತರ ಹೊಲಾನೂ ಕೆಡತೈತಿ. ಸೈಲೆನ್ಸರ್ ಒಳಗಿಂದ ತಗದ ಬ್ಯಾಫಲ್ (ಸಪ್ಪಳ ಕಮ್ಮಿ ಮಾಡೂ ಭಾಗ) ತಗೊಂಡು ಬರ್ರಿ, ಕೂಡ್ರಿಸಿ ಕೊಡೂದಕ್ಕ ರೊಕ್ಕ ತಗೊಳ್ಳೂದಿಲ್ಲ. ಗಾಡಿ ತೊಳಿಯಾಕೂ ನನ್ನ ರ್‍ಯಾಂಪಿಗೆ ಬರ್ರಿ, ರಾಡಿ ಅಲ್ಲೇ ಗುಂಡಿಯೊಳಗ ಕೂಡತೈತಿ.

ಸಂಘದ ಕಾರ್ಯದರ್ಶಿ · ಮಧ್ಯಾಹ್ನ 1:05
ಹಂಗಾದ್ರ ಬುಧವಾರ 11ಕ್ಕ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿ. ಅರ್ಜಿ ವಕೀಲರು ಬರೀತಾರ, ನಕಾಶೆ ಮ್ಯಾಲೆ ಗಾಡಿ ನುಗ್ಗೂ ಜಾಗಾ ಕಾಕಾರು ಗುರುತು ಹಾಕ್ತಾರ. ಗೇಟು, ಹೂಳಿದ ಕಲ್ಲು, ರವಿವಾರದ ನಸುಕಿನ ಗಸ್ತು, ಹಳೇ ಗೆರಿ ಮುಚ್ಚಾಕ ಇಲಾಖೆ ಸಿಬ್ಬಂದಿ ಜೋಡಿ ಶ್ರಮದಾನದ ಅಪ್ಪಣಿ, ಇವು ನಾಲ್ಕು ಬೇಡಿಕಿ. ಭಕ್ತರ ಕಾಲುದಾರಿ, ದನದ ದಾರಿ ಮುಚ್ಚಬಾರದು ಅನ್ನೂದು ಅರ್ಜಿಯ ಮೊದಲನೇ ಸಾಲಿನ್ಯಾಗ ಇರಬೇಕು, ಅಕ್ಕಾರು ಓದಿ ನೋಡಿದ ಮ್ಯಾಲೆ ಸಹಿ. ಮೂರು ಪ್ರತಿ ಮಾಡಿಸ್ರಿ, ಒಂದರ ಮ್ಯಾಲೆ ಸ್ವೀಕೃತಿ ಶಿಕ್ಕಾ ಹಾಕಿಸಿಕೊಂಡು ಬರೂಣ.

ಮನಿ ನಂ. 27 · 1:11
ಗಾಡಿ ಎಲ್ಲೆಲ್ಲಿ ರಸ್ತೆ ಬಿಟ್ಟು ಏರತಾವ ಅನ್ನೂದು ಕಾಕಾರಿಗಿಂತ ನನಗ ಹೆಚ್ಚು ಗೊತ್ತೈತಿ. ಐದು ಜಾಗಾ. ಇವತ್ತು ಸಂಜೀಕ ನಕಾಶೆ ತಗೊಂಡು ಕಾಕಾರ ಮನೀಗೆ ಬರ್ತೀನಿ.

ನಿವೃತ್ತ ಫಾರೆಸ್ಟರ್ ಕಾಕಾ · 1:14
ಬಾರಪಾ. ಆರರ ಮ್ಯಾಲೆ ಬಾ, ಮಾಳಿಗಿ ಮ್ಯಾಲೆ ಕೂಡೂಣ.